ಮನೆಯಲ್ಲಿ ಗಿಟಾರಿಗೆ ಸಣ್ಣ ಟ್ಯೂಬ್ ಆಂಪ್: ಆಯ್ಕೆ ಮತ್ತು ಬಳಕೆ

ಮನೆಯಲ್ಲಿ ಗಿಟಾರ್ ನುಡಿಸುವವರು ಟ್ಯೂಬ್ ಆಂಪ್, ಅಂದರೆ ಹಳೆಯ ರೇಡಿಯೊಗಳಲ್ಲಿದ್ದಂಥ ಗಾಜಿನ ಟ್ಯೂಬ್‌ಗಳಿಂದ (ವಾಲ್ವ್‌ಗಳಿಂದ) ಸದ್ದು ಏರಿಸುವ ಆಂಪ್ಲಿಫೈಯರ್, ಕೊಳ್ಳಲು ಹೊರಟಾಗ ಮೊದಲು ನೋಡುವುದು ವಾಟ್ ಎಷ್ಟೆಂಬುದನ್ನು. ಐವತ್ತು ವಾಟಿನದು ವೇದಿಕೆಗೆ, ಐದು ವಾಟಿನದು ಮನೆಗೆ ಎಂಬ ಲೆಕ್ಕ ಮೇಲ್ನೋಟಕ್ಕೆ ಸರಿಯಾಗಿಯೇ ಕಾಣುತ್ತದೆ. ಆದರೆ ಐದು ವಾಟಿನ ಆಂಪಿನ ವಾಲ್ಯೂಮ್ ಗುಂಡಿಯನ್ನು ಅರ್ಧಕ್ಕೆ ತಿರುಗಿಸಿದರೆ ಕೋಣೆಯಲ್ಲಿ ಕುಳಿತವರು ಕಿವಿ ಮುಚ್ಚಿಕೊಳ್ಳುತ್ತಾರೆ, ಕೆಳಗಿನ ಮನೆಯವರು ಬಾಗಿಲು ತಟ್ಟುತ್ತಾರೆ. ವಾಟ್ ಇಳಿದಷ್ಟೇ ಸದ್ದು ಇಳಿಯುವುದಿಲ್ಲ ಎಂಬ ಒಂದು ಸಂಗತಿಯನ್ನು ಕೊಳ್ಳುವ ಮೊದಲೇ ಅರಿತರೆ, ಆಯ್ಕೆಯೂ ಆಮೇಲಿನ ಬಳಕೆಯೂ ಬಹುಮಟ್ಟಿಗೆ ಸುಲಭವಾಗುತ್ತವೆ.

ಲೆಕ್ಕ ಹೀಗಿದೆ. ವಾಟ್ ಎರಡು ಪಟ್ಟಾದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಸದ್ದು ಎರಡು ಪಟ್ಟಾಯಿತೆಂದು ಕಿವಿಗೆ ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ವಾಟ್ ಬೇಕು. ಹಾಗಾಗಿ ಐವತ್ತು ವಾಟಿನ ಆಂಪಿನ ಎದುರು ಐದು ವಾಟಿನ ಆಂಪ್ ಕಿವಿಗೆ ಅರ್ಧದಷ್ಟು ಗಟ್ಟಿ; ಹದಿನೈದು ವಾಟಿಗೂ ಐದು ವಾಟಿಗೂ ಇರುವ ಅಂತರ 5 ಡೆಸಿಬೆಲ್‌ಗಿಂತಲೂ ಕಡಿಮೆ. ಗಿಟಾರ್ ಆಂಪಿನ ಸ್ಪೀಕರ್‌ಗಳು ಕಡಿಮೆ ವಿದ್ಯುತ್ತಿನಲ್ಲೇ ಬಹಳ ಸದ್ದು ಮಾಡುವಂಥವು ಎಂಬುದನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಸೆಲೆಸ್ಟಿಯನ್ ಕಂಪನಿಯ ಗ್ರೀನ್‌ಬ್ಯಾಕ್ ಸ್ಪೀಕರಿಗೆ ಒಂದು ವಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 98 ಡೆಸಿಬೆಲ್ ಸದ್ದು ಬರುತ್ತದೆ. ಅದೇ ಕಂಪನಿಯ ವಿಂಟೇಜ್ 30 ಸ್ಪೀಕರಿನಲ್ಲಿ 100 ಡೆಸಿಬೆಲ್. ಮನೆಯಲ್ಲಿ ಒಬ್ಬರೇ ಕುಳಿತು ಹಿತವಾಗಿ ನುಡಿಸಲು 75 ಡೆಸಿಬೆಲ್ ಧಾರಾಳವಾಯಿತು. ಗ್ರೀನ್‌ಬ್ಯಾಕ್ ಸ್ಪೀಕರಿನಲ್ಲಿ ಅಷ್ಟು ಸದ್ದಿಗೆ ಬೇಕಾದ ವಿದ್ಯುತ್ತು ಸುಮಾರು 5 ಮಿಲಿವಾಟ್, ಅಂದರೆ ಒಂದು ವಾಟಿನ ಇನ್ನೂರನೇ ಒಂದು ಭಾಗ. ಐದು ವಾಟಿನ ಆಂಪ್ ಆಗ ತನ್ನ ಸಾಮರ್ಥ್ಯದ ಸಾವಿರದಲ್ಲೊಂದು ಪಾಲನ್ನಷ್ಟೇ ಬಳಸುತ್ತಿರುತ್ತದೆ.

ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮಗಳು ವಸತಿ ಪ್ರದೇಶಕ್ಕೆ ನಿಗದಿಪಡಿಸಿರುವ ಮಿತಿ ಹಗಲಿನಲ್ಲಿ 55 ಡೆಸಿಬೆಲ್, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬೆಲ್. ಈ ಮಿತಿ ಕೋಣೆಯ ಒಳಗಿನದಲ್ಲ, ಬಡಾವಣೆಯ ವಾತಾವರಣದ್ದು ಎಂಬುದು ನಿಜ. ಆದರೂ ಕಿಟಕಿ ತೆರೆದಿಟ್ಟು ನುಡಿಸುವವರಿಗೆ ಅಂತರದ ಅಂದಾಜು ಇದರಿಂದ ಸಿಗುತ್ತದೆ.

ನಾದ ಒಡೆಯುವುದು ಎಲ್ಲಿ

ಟ್ಯೂಬ್ ಆಂಪನ್ನು ಇಷ್ಟಪಡುವವರು ಹಂಬಲಿಸುವುದು ಅದರ ಒಡೆದ ನಾದಕ್ಕಾಗಿ. ತಂತಿಯನ್ನು ಮೆಲ್ಲಗೆ ಮೀಟಿದಾಗ ತಿಳಿಯಾಗಿದ್ದು, ಒತ್ತಿ ಮೀಟಿದಾಗ ಅಂಚು ಒರಟಾಗಿ ತುಂಬಿಕೊಳ್ಳುವ ಆ ಗುಣ ಆಂಪಿನೊಳಗೆ ಒಂದೇ ಕಡೆ ಹುಟ್ಟುವುದಿಲ್ಲ. ಮೊದಲ ಹಂತವಾದ ಪ್ರೀಆಂಪಿನ ಸಣ್ಣ ಟ್ಯೂಬ್‌ಗಳಲ್ಲಿ ಒಂದು ಬಗೆಯ ಡಿಸ್ಟಾರ್ಷನ್ (ನಾದದ ಒಡೆತ) ಹುಟ್ಟುತ್ತದೆ; ಸ್ಪೀಕರಿಗೆ ಬಲ ಕೊಡುವ ಪವರ್ ಟ್ಯೂಬ್‌ಗಳಲ್ಲಿ ಮತ್ತು ಅವುಗಳನ್ನು ಸ್ಪೀಕರಿಗೆ ಜೋಡಿಸುವ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ಇನ್ನೊಂದು ಬಗೆಯದು; ಸ್ಪೀಕರಿನ ಕಾಗದದ ಕೋನ್ ಜೋರಾಗಿ ಅದುರತೊಡಗಿದಾಗ ಮೂರನೆಯದು. ಮೊದಲನೆಯದನ್ನು ಕಡಿಮೆ ಸದ್ದಿನಲ್ಲಿಯೂ ಪಡೆಯಬಹುದು, ಏಕೆಂದರೆ ಅದರ ನಂತರ ಬರುವ ಮಾಸ್ಟರ್ ವಾಲ್ಯೂಮ್ ಸದ್ದನ್ನು ಇಳಿಸುತ್ತದೆ. ಉಳಿದೆರಡು ಕೈಗೆ ಸಿಗಬೇಕಾದರೆ ಆಂಪ್ ನಿಜವಾಗಿಯೂ ಏರು ಸದ್ದಿನಲ್ಲಿ ದುಡಿಯಬೇಕು. ಒಂದು ವಾಟಿನ ಆಂಪಿನಲ್ಲೂ ಪವರ್ ಟ್ಯೂಬಿನ ನಾದ ಒಡೆಯುವ ಹೊತ್ತಿಗೆ ಕೋಣೆಯ ಸದ್ದು 90 ಡೆಸಿಬೆಲ್ ದಾಟಿರುತ್ತದೆ.

ಆದ್ದರಿಂದ ಅಪಾರ್ಟ್‌ಮೆಂಟಿನಲ್ಲಿ ಇರುವವರಿಗೆ ನನ್ನ ಖಚಿತವಾದ ಸಲಹೆ ಇಷ್ಟು: ಪವರ್ ಟ್ಯೂಬಿನ ಒಡೆತವನ್ನು ಬೆನ್ನಟ್ಟಿ ಆಂಪ್ ಆಯ್ಕೆ ಮಾಡಬೇಡಿ, ಮಾತಿನ ಮಟ್ಟದ ಸದ್ದಿನಲ್ಲಿ ಯಾವ ಆಂಪಿನ ನಾದ ತುಂಬಿಕೊಂಡು ಕೇಳುತ್ತದೆಯೋ ಅದನ್ನು ಆರಿಸಿಕೊಳ್ಳಿ. ಸುತ್ತ ತೋಟವಿರುವ ಒಂಟಿ ಮನೆಯವರಿಗೆ ಈ ಕಟ್ಟುಪಾಡಿಲ್ಲ, ಅವರು ಮಾಸ್ಟರ್ ವಾಲ್ಯೂಮ್ ಇಲ್ಲದ ಹಳೆಯ ಮಾದರಿಯನ್ನೂ ನೆಮ್ಮದಿಯಿಂದ ಇಟ್ಟುಕೊಳ್ಳಬಹುದು.

ಹಳೆಯ ಮಾದರಿ ಎಂದಾಗ ನೆನಪಾಗುವುದು ಫೆಂಡರ್ ಚಾಂಪ್. 1950ರ ದಶಕದ ಕೊನೆಯ ಚಾಂಪಿನಲ್ಲಿ ಇದ್ದದ್ದು ಪ್ರೀಆಂಪಿಗೆ ಒಂದು 12ಎಎಕ್ಸ್7 ಟ್ಯೂಬ್, ಪವರ್ ಟ್ಯೂಬಾಗಿ ಒಂದು 6ವಿ6, ಎಸಿ ಕರೆಂಟನ್ನು ಡಿಸಿ ಮಾಡುವ ರೆಕ್ಟಿಫೈಯರಿಗೆ ಒಂದು 5ವೈ3, ಎಂಟು ಇಂಚಿನ ಒಂದು ಸ್ಪೀಕರ್, ವಾಲ್ಯೂಮಿಗೆ ಒಂದು ಗುಂಡಿ. ಸುಮಾರು ಐದು ವಾಟಿನ ಈ ಸರ್ಕ್ಯೂಟನ್ನು ಇಂದಿಗೂ ಅನೇಕರು ಕಿಟ್ ತರಿಸಿ ಕಟ್ಟುತ್ತಾರೆ. ಒಂದೇ ಪವರ್ ಟ್ಯೂಬಿನ ಇಂಥ ಆಂಪ್ ಸಿಂಗಲ್-ಎಂಡೆಡ್ ಬಗೆಯದು. ನೀವು ನುಡಿಸಿದರೂ ಸುಮ್ಮನಿದ್ದರೂ ಅದರ ಟ್ಯೂಬಿನಲ್ಲಿ ಹೆಚ್ಚುಕಡಿಮೆ ಅಷ್ಟೇ ಕರೆಂಟು ಹರಿಯುತ್ತಿರುತ್ತದೆ, ಆದ್ದರಿಂದ ಅದು ಸದಾ ಬಿಸಿಯಾಗಿರುತ್ತದೆ, ಸಣ್ಣ ಗುಂಯ್‌ಗುಡುವಿಕೆಯೂ ಇದ್ದೇ ಇರುತ್ತದೆ. ಎರಡು ಪವರ್ ಟ್ಯೂಬ್‌ಗಳ ಪುಶ್-ಪುಲ್ ಬಗೆಯಲ್ಲಿ ಈ ಗುಂಯ್‌ಗುಡುವಿಕೆಯ ಒಂದು ಪಾಲು ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿಯೇ ಪರಸ್ಪರ ಕಳೆದುಹೋಗುತ್ತದೆ. ಮೂರು 12ಎಎಕ್ಸ್7, ಎರಡು ಇಎಲ್84, ಹನ್ನೆರಡು ಇಂಚಿನ ಸ್ಪೀಕರ್, ಮಾಸ್ಟರ್ ಗುಂಡಿ ಮತ್ತು ರಿವರ್ಬ್ (ಮಾರ್ದನಿ) ಇರುವ ಹದಿನೈದು ವಾಟಿನ ಫೆಂಡರ್ ಬ್ಲೂಸ್ ಜೂನಿಯರ್ ಈ ಎರಡನೆಯ ಬಗೆಗೆ ಸೇರಿದ್ದು. ಹದಿನೈದು ವಾಟ್ ಮನೆಗೆ ಹೆಚ್ಚಾಯಿತೆಂದು ಅದನ್ನು ತಳ್ಳಿಹಾಕಬೇಕಾಗಿಲ್ಲ. ಹನ್ನೆರಡು ಇಂಚಿನ ಸ್ಪೀಕರ್, ದೊಡ್ಡ ಪೆಟ್ಟಿಗೆ ಮತ್ತು ದೊಡ್ಡ ಟ್ರಾನ್ಸ್‌ಫಾರ್ಮರ್ ಇರುವ ಆಂಪ್ ಕಡಿಮೆ ಸದ್ದಿನಲ್ಲೂ ಮಂದ್ರವನ್ನು ಉಳಿಸಿಕೊಳ್ಳುತ್ತದೆ. ಎಂಟು ಇಂಚಿನ ಸಣ್ಣ ಪೆಟ್ಟಿಗೆಗೆ ಅದು ಸಾಧ್ಯವಾಗುವುದಿಲ್ಲ.

ಮನೆಬಳಕೆಗೆಂದೇ ರೂಪಿಸಿದ ಆಂಪ್‌ಗಳೂ ಇವೆ. ಬ್ಲ್ಯಾಕ್‌ಸ್ಟಾರ್ ಎಚ್‌ಟಿ-1 ಒಂದು ವಾಟಿನದು. ಮಾರ್ಷಲ್ ಡಿಎಸ್‌ಎಲ್1 ಒಂದು ವಾಟಿನದು, ಸ್ವಿಚ್ ಒತ್ತಿದರೆ 0.1 ವಾಟಿಗೆ ಇಳಿಯುತ್ತದೆ. ಹತ್ತನೇ ಒಂದಕ್ಕೆ ಇಳಿದರೂ ಕಿವಿಗೆ ಸದ್ದು ಅರ್ಧವಾಗುತ್ತದೆ ಅಷ್ಟೇ ಎಂಬುದನ್ನು ಇಲ್ಲಿ ಮತ್ತೆ ನೆನಪಿಡಬೇಕು. ಇವುಗಳ ನಾದದ ಬಹುಪಾಲು ಹುಟ್ಟುವುದು ಪ್ರೀಆಂಪಿನಲ್ಲಿ, ಮತ್ತು ಮನೆಯ ಮಟ್ಟಿಗೆ ಅದೇ ಸರಿಯಾದ ಜಾಗ.

ಅಂಗಡಿಯಲ್ಲಿ ಕೇಳುವ ಕ್ರಮ

ನಿಮ್ಮದೇ ಗಿಟಾರನ್ನು ಕೊಂಡೊಯ್ಯಿರಿ. ಅಂಗಡಿಯವರು ಆಂಪಿನ ಹೆಚ್ಚುಗಾರಿಕೆ ತೋರಿಸಲು ವಾಲ್ಯೂಮ್ ಏರಿಸಿಯೇ ನುಡಿಸುತ್ತಾರೆ. ಏರಿಸಿದಾಗ ಎಲ್ಲ ಆಂಪ್‌ಗಳೂ ಚೆನ್ನಾಗಿಯೇ ಕೇಳುತ್ತವೆ. ಅವರು ಮುಗಿಸಿದ ಮೇಲೆ ನೀವು ವಾಲ್ಯೂಮ್ ಇಳಿಸಿ, ಜೊತೆಯಲ್ಲಿ ಬಂದವರೊಡನೆ ದನಿ ಏರಿಸದೆ ಮಾತನಾಡಲು ಸಾಧ್ಯವಾಗುವ ಮಟ್ಟಕ್ಕೆ ತನ್ನಿ. ಅಲ್ಲಿ ನಾದ ತೆಳುವಾಗಿ ಡಬ್ಬದ ಸದ್ದಿನಂತಾದರೆ ಆ ಆಂಪ್ ನಿಮ್ಮ ಮನೆಗೆ ಹೊಂದುವುದಿಲ್ಲ. ವಾಲ್ಯೂಮ್ ಗುಂಡಿಯನ್ನು ಸೊನ್ನೆಯಿಂದ ಎರಡರವರೆಗೆ ಕೂದಲೆಳೆಯಷ್ಟೇ ಸರಿಸುತ್ತಾ ಬನ್ನಿ. ಕೆಲವು ಆಂಪ್‌ಗಳಲ್ಲಿ ಒಂದರವರೆಗೆ ಸದ್ದೇ ಇರುವುದಿಲ್ಲ, ಒಂದೂವರೆಗೆ ಬರುವಷ್ಟರಲ್ಲಿ ಗೋಡೆ ಅದುರುತ್ತದೆ. ಅಂಥ ಗುಂಡಿಯೊಂದಿಗೆ ಪ್ರತಿದಿನ ಏಗುವುದು ಕಷ್ಟ. ಕೊನೆಗೆ ತಂತಿಗಳ ಮೇಲೆ ಕೈಯಿಟ್ಟು ಸುಮ್ಮನೆ ಕುಳಿತು ಅರ್ಧ ನಿಮಿಷ ಆಲಿಸಿ. ನುಡಿಸದಿರುವಾಗ ಕೇಳುವ ಗುಂಯ್ ಮತ್ತು ಸುಯ್ ಸದ್ದುಗಳು ಅಂಗಡಿಯ ಗದ್ದಲದಲ್ಲೇ ಕಿವಿಗೆ ಬೀಳುವಷ್ಟಿದ್ದರೆ ರಾತ್ರಿ ಮನೆಯಲ್ಲಿ ಅವು ಸಹಿಸಲಾಗದಷ್ಟು ದೊಡ್ಡದಾಗಿ ತೋರುತ್ತವೆ.

ಅಮೆರಿಕದಿಂದ ಊರಿಗೆ ಮರಳುವ ಕನ್ನಡಿಗರಲ್ಲಿ ಅನೇಕರು ಅಲ್ಲಿ ಕೊಂಡ ಆಂಪನ್ನು ಜೊತೆಗೆ ತರುತ್ತಾರೆ. ಅಲ್ಲಿಯದು 120 ವೋಲ್ಟ್, 60 ಹರ್ಟ್ಸ್; ಇಲ್ಲಿಯದು 230 ವೋಲ್ಟ್, 50 ಹರ್ಟ್ಸ್. ಪ್ಲಗ್ಗಿಗೆ ಅಡಾಪ್ಟರ್ ಸಿಕ್ಕಿಸಿ ನೇರವಾಗಿ ಹಚ್ಚಿದರೆ ಫ್ಯೂಸ್ ಹಾರುವುದರ ಜೊತೆಗೆ ಟ್ರಾನ್ಸ್‌ಫಾರ್ಮರೂ ಸುಟ್ಟೀತು. ಸ್ಟೆಪ್-ಡೌನ್ ಟ್ರಾನ್ಸ್‌ಫಾರ್ಮರ್ ಬಳಸಬಹುದು, ಆದರೆ ಆಂಪ್ ಎಳೆಯುವ ಒಟ್ಟು ವಿದ್ಯುತ್ತಿನ ಕನಿಷ್ಠ ಎರಡರಷ್ಟು ಸಾಮರ್ಥ್ಯದ್ದನ್ನು ಮತ್ತು ಅರ್ತಿಂಗ್ ಪಿನ್ ಮುಂದುವರಿದಿರುವುದನ್ನೇ ಕೊಳ್ಳಬೇಕು. ಎಳೆಯುವ ವಿದ್ಯುತ್ತು ಆಂಪಿನ ಹಿಂಬದಿಯಲ್ಲಿ ಬರೆದಿರುತ್ತದೆ. ಅದು ಸ್ಪೀಕರಿಗೆ ಹೋಗುವ ವಾಟಿಗಿಂತ ಎಷ್ಟೋ ಪಟ್ಟು ಹೆಚ್ಚು. 60 ಹರ್ಟ್ಸ್‌ಗೆ ಮಾತ್ರ ಮಾಡಿದ ಟ್ರಾನ್ಸ್‌ಫಾರ್ಮರ್ 50 ಹರ್ಟ್ಸ್‌ನಲ್ಲಿ ಹೆಚ್ಚು ಬಿಸಿಯಾಗುತ್ತದೆ, ಆದ್ದರಿಂದ ಮೊದಲ ಕೆಲವು ದಿನ ಗಂಟೆಗೊಮ್ಮೆ ಅದರ ಬಿಸಿಯನ್ನು ಗಮನಿಸುವುದು ಒಳ್ಳೆಯದು. ಕೆಲವು ಆಂಪ್‌ಗಳ ಒಳಗೇ 230 ವೋಲ್ಟಿನ ಜೋಡಣೆಯ ತಂತಿಗಳಿರುತ್ತವೆ. ತಿಳಿದ ಟೆಕ್ನಿಷಿಯನ್ ಅದನ್ನು ಬದಲಿಸಿಕೊಟ್ಟರೆ ಬೇರೆ ಟ್ರಾನ್ಸ್‌ಫಾರ್ಮರಿನ ಹಂಗೇ ಇರುವುದಿಲ್ಲ.

ಸದ್ದನ್ನು ಹದಕ್ಕೆ ತರುವುದು

ಆಂಪನ್ನು ನೆಲದ ಮೇಲೆ ಇಡಬೇಡಿ. ಕಾಂಕ್ರೀಟ್ ನೆಲ ಮಂದ್ರದ ಅದುರನ್ನು ಕೆಳಗಿನ ಮನೆಯ ತಾರಸಿಗೆ ನೇರವಾಗಿ ದಾಟಿಸುತ್ತದೆ, ಮತ್ತು ನೆರೆಯವರಿಗೆ ಕಿರಿಕಿರಿ ಮಾಡುವುದು ಹೆಚ್ಚಾಗಿ ಈ ಅದುರೇ. ಗಟ್ಟಿಯಾದ ಮರದ ಸ್ಟೂಲಿನ ಮೇಲೆ ದಪ್ಪ ರಬ್ಬರ್ ಹಾಳೆ ಹಾಸಿ ಅದರ ಮೇಲೆ ಇಟ್ಟರೆ ಎರಡು ಲಾಭಗಳಿವೆ: ಅದುರು ತಗ್ಗುತ್ತದೆ, ಸ್ಪೀಕರ್ ಕಿವಿಯ ಮಟ್ಟಕ್ಕೆ ಬರುತ್ತದೆ. ಗಿಟಾರ್ ಸ್ಪೀಕರ್ ತನ್ನ ತಾರ ಸ್ವರಗಳನ್ನು ಟಾರ್ಚಿನ ಬೆಳಕಿನಂತೆ ಮುಂದಕ್ಕೆ ಕಿರಿದಾಗಿ ಚೆಲ್ಲುತ್ತದೆ. ಆಂಪ್ ಪಾದದ ಬಳಿ ಇದ್ದಾಗ ನಿಂತವರಿಗೆ ನಾದ ಮಂಕಾಗಿ ಕೇಳಿ, ಅವರು ಟ್ರೆಬಲ್ ಏರಿಸಿ, ಎದುರಿಗೆ ಕುಳಿತವರ ಕಿವಿಯನ್ನು ಕೊರೆಯುತ್ತಾರೆ. ಮೂಲೆಯಲ್ಲಿಟ್ಟರೆ ಮಂದ್ರ ಉಬ್ಬುತ್ತದೆ. ಹಿಂಬದಿ ತೆರೆದಿರುವ ಆಂಪನ್ನು ಗೋಡೆಗೆ ಒತ್ತಿ ಇಡಬಾರದು, ನಾದಕ್ಕೂ ಕುತ್ತು, ಗಾಳಿಯಾಡದೆ ಟ್ಯೂಬ್‌ಗಳಿಗೂ ಕುತ್ತು. ಒಂದು ಗೇಣಾದರೂ ಜಾಗ ಬಿಡಬೇಕು.

ಸದ್ದು ಕಡಿಮೆಯಾದಂತೆ ಕಿವಿ ಮಂದ್ರವನ್ನೂ ತಾರವನ್ನೂ ಮಧ್ಯ ಸ್ವರಗಳಿಗಿಂತ ಹೆಚ್ಚು ಕಳೆದುಕೊಳ್ಳುತ್ತದೆ ಎಂಬುದನ್ನು ಫ್ಲೆಚರ್ ಮತ್ತು ಮನ್ಸನ್ 1933ರಲ್ಲಿ ಅಳೆದು ತೋರಿಸಿದರು. ಹಾಗಾಗಿ ರಾತ್ರಿಯ ಸದ್ದಿಗೆ ಬಾಸ್ ಮತ್ತು ಟ್ರೆಬಲ್ ಗುಂಡಿಗಳನ್ನು ಹಗಲಿಗಿಂತ ತುಸು ಮೇಲೆ ಇಡುವುದು ತಪ್ಪಲ್ಲ. ಗಿಟಾರಿನ ವಾಲ್ಯೂಮ್ ಗುಂಡಿಯನ್ನು ಮರೆಯಬೇಡಿ. ಅದನ್ನು ಏಳಕ್ಕೆ ಇಳಿಸಿ ನುಡಿಸುವ ಅಭ್ಯಾಸದಿಂದ ಆಂಪಿನ ಗುಂಡಿಗಳಿಗೆ ಹೋಗುವ ಅಗತ್ಯವೇ ಅರ್ಧ ತಪ್ಪುತ್ತದೆ.

ಸೊನ್ನೆಯಿಂದ ಎರಡರೊಳಗೆ ಎಲ್ಲ ಸದ್ದೂ ಮುಗಿದುಹೋಗುವ ಆಂಪಿಗೆ ಒಂದು ಅಗ್ಗದ ಪರಿಹಾರವಿದೆ. 12ಎಎಕ್ಸ್7 ಟ್ಯೂಬಿನ ವರ್ಧನಾಂಕ (ಸಂಕೇತವನ್ನು ಹಿಗ್ಗಿಸುವ ಸಾಮರ್ಥ್ಯದ ಅಳತೆ) 100. ಅದೇ ಸಾಕೆಟ್ಟಿನಲ್ಲಿ ಕೂರುವ 5751ರದು 70, 12ಎಟಿ7ರದು 60, 12ಎವೈ7ರದು ಸುಮಾರು 45. ಪ್ರೀಆಂಪಿನ ಮೊದಲ ಟ್ಯೂಬನ್ನು ಇವುಗಳಲ್ಲೊಂದಕ್ಕೆ ಬದಲಿಸಿದರೆ ವಾಲ್ಯೂಮ್ ಗುಂಡಿಯ ಓಟ ನಿಧಾನವಾಗುತ್ತದೆ, ಸುಯ್ ಸದ್ದೂ ತಗ್ಗುತ್ತದೆ. ಆಂಪಿನ ಗರಿಷ್ಠ ವಾಟ್ ಇದರಿಂದ ಬದಲಾಗುವುದಿಲ್ಲ, ಗುಂಡಿಯ ಮೇಲೆ ನಿಮ್ಮ ಹಿಡಿತ ಹೆಚ್ಚುತ್ತದೆ. ನನಗೆ 5751 ಬಹಳ ಇಷ್ಟ; ಒಡೆದ ನಾದವನ್ನು ಕಳೆದುಕೊಳ್ಳದೆ ಒರಟನ್ನಷ್ಟೇ ಅದು ಕಡಿಮೆ ಮಾಡುತ್ತದೆ.

ಪವರ್ ಟ್ಯೂಬಿನ ನಾದವೇ ಬೇಕೆನ್ನುವವರು ಆಂಪಿಗೂ ಸ್ಪೀಕರಿಗೂ ನಡುವೆ ಅಟೆನ್ಯುಯೇಟರ್ ಜೋಡಿಸಬೇಕು. ಅದು ಆಂಪ್ ಕೊಟ್ಟ ವಿದ್ಯುತ್ತಿನ ಬಹುಪಾಲನ್ನು ಶಾಖವಾಗಿಸಿ ಉಳಿದದ್ದನ್ನು ಸ್ಪೀಕರಿಗೆ ಬಿಡುತ್ತದೆ. ಅದರ ಓಮ್ (ವಿದ್ಯುತ್ತಿಗೆ ಒಡ್ಡುವ ತಡೆಯ ಅಳತೆ) ಆಂಪಿನ ಓಮಿಗೆ ಹೊಂದಬೇಕು, ಅದು ತಾಳುವ ವಾಟ್ ಆಂಪಿನ ವಾಟಿಗಿಂತ ಎರಡರಷ್ಟಾದರೂ ಇರಬೇಕು. ಬರೀ ರೆಸಿಸ್ಟರ್‌ಗಳಿಂದ ಮಾಡಿದ ಅಗ್ಗದವುಗಳಲ್ಲಿ ತುಸು ಇಳಿಸಿದರೆ ತೊಂದರೆಯಿಲ್ಲ, ಬಹಳ ಇಳಿಸಿದರೆ ನಾದ ಜೀವ ಕಳೆದುಕೊಳ್ಳುತ್ತದೆ. ಸ್ಪೀಕರಿನ ನಡವಳಿಕೆಯನ್ನು ಅನುಕರಿಸುವ ರಿಯಾಕ್ಟಿವ್ ಬಗೆಯವು ದುಬಾರಿ, ಆದರೆ ಮೇಲು. ಇನ್ನೊಂದು ವಿಷಯ: ಅಟೆನ್ಯುಯೇಟರ್ ಇದ್ದಾಗ ಕೇಳುವ ಸದ್ದು ಚಿಕ್ಕದಾದರೂ ಆಂಪ್ ಪೂರ್ತಿ ದುಡಿಯುತ್ತಿರುತ್ತದೆ, ಆದ್ದರಿಂದ ಪವರ್ ಟ್ಯೂಬ್‌ಗಳು ಬೇಗ ಸವೆಯುತ್ತವೆ.

ಸ್ಪೀಕರಿನ ಜೋಡಣೆ ಬಿಚ್ಚಿಟ್ಟು ಟ್ಯೂಬ್ ಆಂಪನ್ನು ಎಂದಿಗೂ ನುಡಿಸಬಾರದು. ಹೊರೆಯಿಲ್ಲದ ಔಟ್‌ಪುಟ್ ಟ್ರಾನ್ಸ್‌ಫಾರ್ಮರಿನಲ್ಲಿ ವೋಲ್ಟೇಜ್ ಮಿತಿಮೀರಿ ಏರಿ, ಒಳಗಿನ ಸುತ್ತುಗಳ ನಡುವೆ ಕಿಡಿ ಹಾರಿ ಅದು ಹಾಳಾಗಬಹುದು. ಹೆಡ್‌ಫೋನ್ ರಂಧ್ರವಿರುವ ಆಂಪ್‌ಗಳಲ್ಲಿ ಸ್ಪೀಕರಿನ ಬದಲು ಹೊರೆ ಒದಗಿಸುವ ವ್ಯವಸ್ಥೆ ಒಳಗೇ ಇದೆಯೇ ಎಂಬುದನ್ನು ಕೈಪಿಡಿಯಲ್ಲಿ ನೋಡಿಕೊಂಡೇ ಮುಂದುವರಿಯಬೇಕು.

ನೆರೆಯವರ ವಿಚಾರದಲ್ಲಿ ನೇರವಾದ ದಾರಿಯೇ ಒಳ್ಳೆಯದು. ಒಂದು ಭಾನುವಾರ ಕೆಳಗಿನ ಮನೆಯ ಆಂಟಿಯನ್ನೋ ಅಂಕಲ್ಲನ್ನೋ ಕೇಳಿಕೊಂಡು, ಮನೆಯವರೊಬ್ಬರನ್ನು ಅವರ ಹಾಲಿನಲ್ಲಿ ನಿಲ್ಲಿಸಿ, ಫೋನಿನಲ್ಲಿ ಮಾತನಾಡುತ್ತಾ ವಾಲ್ಯೂಮ್ ಏರಿಸುತ್ತಾ ಹೋಗಿ. ಅವರ ಟಿವಿಯ ಸದ್ದಿನ ನಡುವೆ ಗಿಟಾರ್ ಕೇಳತೊಡಗುವ ಜಾಗದಲ್ಲಿ ಗುಂಡಿಯ ಪಕ್ಕ ಬಣ್ಣದ ಟೇಪಿನ ಒಂದು ಚೂರು ಅಂಟಿಸಿ. ಆಮೇಲೆ ಅದನ್ನು ಮೀರದಿದ್ದರೆ ಸಾಕು.

ವಿದ್ಯುತ್ತು, ಅರ್ತಿಂಗ್, ಫ್ಯಾನ್ ರೆಗ್ಯುಲೇಟರ್

ಟ್ಯೂಬನ್ನು ಒಳಗಿಂದ ಕಾಯಿಸುವ ಹೀಟರಿಗೆ ಬೇಕಾದದ್ದು 6.3 ವೋಲ್ಟ್, ಶೇಕಡಾ ಹತ್ತರಷ್ಟು ಆಚೀಚೆಯಾದರೆ ಅದು ತಾಳಿಕೊಳ್ಳುತ್ತದೆ. ಸಂಜೆಯ ಲೋ ವೋಲ್ಟೇಜಿನಲ್ಲಿ ಗೋಡೆಯ 230 ವೋಲ್ಟ್ 180ಕ್ಕೆ ಇಳಿದರೆ ಹೀಟರಿಗೆ ಸಿಗುವುದು 4.9 ವೋಲ್ಟ್, 260ಕ್ಕೆ ಏರಿದರೆ 7.1 ವೋಲ್ಟ್. ಎರಡೂ ಮಿತಿಯ ಹೊರಗಿನವು. ಹಳ್ಳಿಗಳಲ್ಲಿ, ಲೈನಿನ ಕೊನೆಯ ಮನೆಗಳಲ್ಲಿ ಇರುವವರು ಆಂಪಿಗೆ ಸ್ಟೆಬಿಲೈಜರ್ ಇಟ್ಟುಕೊಳ್ಳಬೇಕು. ರಿಲೇ ಬಗೆಯದು ಟಕ್ ಎಂದಾಗಲೆಲ್ಲ ಸ್ಪೀಕರಿನಲ್ಲೂ ಸದ್ದು ಬರಬಹುದು, ಸರ್ವೋ ಬಗೆಯದರಲ್ಲಿ ಆ ತೊಂದರೆಯಿಲ್ಲ. ಕರೆಂಟು ಹೋದಾಗ ಆಂಪಿನ ಸ್ವಿಚ್ ಆರಿಸಿಬಿಡಿ, ಬಂದ ಮೇಲೆ ಕೆಲವು ನಿಮಿಷ ಬಿಟ್ಟು ಹಚ್ಚಿ. ಮನೆಯ ಇನ್ವರ್ಟರ್ ಸೈನ್ ವೇವ್ ಬಗೆಯದಾದರೆ ಅದರ ಮೇಲೆಯೂ ಸಣ್ಣ ಆಂಪ್ ನಡೆಯುತ್ತದೆ. ಸ್ಕ್ವೇರ್ ವೇವ್ ಇನ್ವರ್ಟರಿನಲ್ಲಿ ಮಾತ್ರ ಬೇಡ: 230 ವೋಲ್ಟಿನ ಸೈನ್ ಅಲೆಯ ತುದಿ 325 ವೋಲ್ಟಿಗೆ ಮುಟ್ಟುತ್ತದೆ, ಚೌಕಾಕಾರದ ಅಲೆಯ ತುದಿ ಅಷ್ಟು ಎತ್ತರಕ್ಕೆ ಹೋಗದಿರುವುದರಿಂದ ಆಂಪಿನ ಒಳಗಿನ ಹೈ ವೋಲ್ಟೇಜ್ ಕುಸಿಯುತ್ತದೆ, ಜೊತೆಗೆ ಝಂಯ್ ಎಂಬ ಸದ್ದು ನಿಲ್ಲುವುದೇ ಇಲ್ಲ.

ಗಿಟಾರಿನ ತಂತಿಗಳು ಕೇಬಲ್ಲಿನ ಮೂಲಕ ಆಂಪಿನ ಲೋಹದ ಷಾಸಿಗೆ (ಒಳಚೌಕಟ್ಟಿಗೆ) ಜೋಡಿಸಿಕೊಂಡಿರುತ್ತವೆ. ಷಾಸಿಗೆ ಅರ್ತಿಂಗ್ ಇಲ್ಲದಿದ್ದರೆ, ಒಳಗೆ ಏನಾದರೂ ಕೆಟ್ಟ ದಿನ, ತಂತಿ ಹಿಡಿದ ಕೈಗೇ ಶಾಕ್ ಹೊಡೆಯುತ್ತದೆ. ಹಳೆಯ ಮನೆಗಳಲ್ಲಿ ಮೂರು ರಂಧ್ರದ ಸಾಕೆಟ್ ಇದ್ದರೂ ಮೂರನೆಯದಕ್ಕೆ ವಯರೇ ಇರುವುದಿಲ್ಲ. ಎಲೆಕ್ಟ್ರಿಷಿಯನ್ನರನ್ನು ಕರೆಸಿ ಪರೀಕ್ಷಿಸಿದ ಮೇಲೆಯೇ ಆಂಪ್ ಹಚ್ಚಿ. ಗುಂಯ್ ಸದ್ದು ತಪ್ಪಿಸಲು ಅರ್ತ್ ಪಿನ್ನನ್ನು ಕತ್ತರಿಸುವುದು ಪ್ರಾಣಕ್ಕೆ ಎರವಾಗುವ ಕೆಲಸ. ಎರಡು ಪಿನ್ನಿನ ವಯರಿರುವ ಹಳೆಯ ಆಂಪ್ ಕೈಗೆ ಬಂದರೆ, ಅದನ್ನು ಮೂರು ಪಿನ್ನಿಗೆ ಬದಲಿಸುವ ತನಕ ನುಡಿಸಬೇಡಿ.

ಆಂಪಿನಿಂದ ಝಂಯ್ ಎಂಬ ತೀಕ್ಷ್ಣ ಸದ್ದು ಬಂದರೆ ಮೊದಲು ಸೀಲಿಂಗ್ ಫ್ಯಾನ್ ಆರಿಸಿ ನೋಡಿ. ನುಣುಪಾಗಿ ತಿರುಗುವ ಎಲೆಕ್ಟ್ರಾನಿಕ್ ರೆಗ್ಯುಲೇಟರ್‌ಗಳು ಕರೆಂಟಿನ ಅಲೆಯನ್ನು ಕತ್ತರಿಸುವ ರೀತಿಯಿಂದಲೇ ಈ ಸದ್ದು ಹುಟ್ಟಿ, ಗಿಟಾರಿನ ಸಿಂಗಲ್ ಕಾಯಿಲ್ ಪಿಕಪ್ ಅದನ್ನು ಹಿಡಿದುಕೊಳ್ಳುತ್ತದೆ. ಒಂದು, ಎರಡು, ಮೂರು ಎಂದು ಟಕಟಕ ನಿಲ್ಲುವ ಕೆಪಾಸಿಟರ್ ರೆಗ್ಯುಲೇಟರ್ ಹಾಕಿಸಿದರೆ ಸಮಸ್ಯೆ ಬಹುತೇಕ ಮುಗಿಯುತ್ತದೆ. ಎಲ್‌ಇಡಿ ದೀಪಗಳನ್ನೂ ಫೋನ್ ಚಾರ್ಜರ್‌ಗಳನ್ನೂ ಹೀಗೆಯೇ ಒಂದೊಂದಾಗಿ ಆರಿಸಿ ಪರೀಕ್ಷಿಸಬಹುದು.

ಟ್ಯೂಬ್‌ಗಳ ಆರೈಕೆ

ಹಚ್ಚಿದ ಮೇಲೆ ಒಂದು ನಿಮಿಷ ಕಾದು ನುಡಿಸಿ. ಆರಿಸಿದ ಮೇಲೆ ಆಂಪನ್ನು ಒಡನೆ ಎತ್ತಿ ಸಾಗಿಸಬೇಡಿ, ಬಿಸಿ ಇರುವ ಟ್ಯೂಬಿನ ಒಳಭಾಗಗಳು ಏಟು ತಾಳವು. ಪ್ರೀಆಂಪ್ ಟ್ಯೂಬ್‌ಗಳು ವರ್ಷಾನುಗಟ್ಟಲೆ ಬಾಳುತ್ತವೆ. ಸ್ವರದ ಜೊತೆ ಗಾಜು ತಾಕಿದಂಥ ಕಿಣಿಕಿಣಿ ಸದ್ದು ಬಂದರೆ, ಆಂಪ್ ಹಚ್ಚಿರುವಾಗ ಪೆನ್ಸಿಲ್ಲಿನ ಮರದ ತುದಿಯಿಂದ ಒಂದೊಂದು ಟ್ಯೂಬನ್ನೂ ಮೆಲ್ಲಗೆ ತಟ್ಟಿ. ಯಾವುದನ್ನು ತಟ್ಟಿದಾಗ ಸ್ಪೀಕರಿನಲ್ಲಿ ಠಣ್ ಎನ್ನುತ್ತದೆಯೋ ಅದನ್ನು ಬದಲಿಸಬೇಕು. ಪವರ್ ಟ್ಯೂಬಿನ ಒಳಗಿನ ಬೂದು ಬಣ್ಣದ ತಗಡು ಕೆಂಪಗೆ ಕಾದಿರುವುದು ಕಂಡರೆ ತಕ್ಷಣ ಸ್ವಿಚ್ ಆರಿಸಿ, ದುರಸ್ತಿಗೆ ಕೊಡಿ.

ಇಂದು ಮಾರುಕಟ್ಟೆಗೆ ಬರುವ ಹೊಸ ಟ್ಯೂಬ್‌ಗಳು ಹೆಚ್ಚಾಗಿ ಸ್ಲೊವಾಕಿಯಾ, ರಷ್ಯಾ ಮತ್ತು ಚೀನಾದವು. ಆದರೆ ನಮ್ಮಲ್ಲಿ ಬೇರೊಂದು ಆಸ್ತಿಯೂ ಇದೆ. ಬೆಂಗಳೂರಿನ ಬಿಇಎಲ್ ಸಂಸ್ಥೆ 1960ರ ದಶಕದಿಂದ ರೇಡಿಯೊಗಳಿಗೆ ಬೇಕಾದ ವಾಲ್ವ್‌ಗಳನ್ನು ಜಾಲಹಳ್ಳಿಯಲ್ಲಿ ತಯಾರಿಸುತ್ತಿತ್ತು. ವಾಲ್ವ್ ರೇಡಿಯೊಗಳಲ್ಲಿ ಸ್ಪೀಕರಿಗೆ ಬಲ ಕೊಡುತ್ತಿದ್ದ ಇಎಲ್84 ಇಂದಿನ ಸಣ್ಣ ಗಿಟಾರ್ ಆಂಪ್‌ಗಳಲ್ಲೂ ಅದೇ ಕೆಲಸ ಮಾಡುತ್ತಿದೆ. ಬಿಇಎಲ್ ಗುರುತಿನ ಬಳಸದ ಟ್ಯೂಬ್ ಯಾರದಾದರೂ ಅಟ್ಟದ ಮೇಲೋ ಎಸ್.ಪಿ. ರಸ್ತೆಯ ಹಳೆಯ ಅಂಗಡಿಯಲ್ಲೋ ಸಿಕ್ಕರೆ ಬಿಡಬೇಡಿ, ಟ್ಯೂಬ್ ಟೆಸ್ಟರಿನಲ್ಲಿ ಪರೀಕ್ಷಿಸಿಕೊಂಡು ಕೊಳ್ಳಿ.

ಕರಾವಳಿ ಮತ್ತು ಮಲೆನಾಡಿನವರು ಮಳೆಗಾಲದಲ್ಲಿ ವಾರಕ್ಕೆರಡು ಬಾರಿಯಾದರೂ ಆಂಪನ್ನು ಅರ್ಧ ಗಂಟೆ ಹಚ್ಚಿಡಬೇಕು. ಟ್ಯೂಬಿನ ಬಿಸಿಯೇ ಸ್ಪೀಕರಿನ ಕಾಗದವನ್ನೂ ಪೆಟ್ಟಿಗೆಯ ಒಳಭಾಗವನ್ನೂ ಒಣಗಿಸಿ ಬೂಷ್ಟು ಹಿಡಿಯದಂತೆ ಕಾಯುತ್ತದೆ. ಪ್ಲಾಸ್ಟಿಕ್ ಹೊದಿಕೆ ಬೇಡ, ಒಳಗೆ ತೇವ ನಿಲ್ಲುತ್ತದೆ. ಹಳೆಯ ಹತ್ತಿ ಸೀರೆ ಸಾಕು, ಅದನ್ನೂ ಆಂಪ್ ಪೂರ್ತಿ ಆರಿದ ಮೇಲೆ ಹೊದಿಸಿ. ಏಪ್ರಿಲ್ ಮೇ ತಿಂಗಳ ಗುಡುಗು ಸಿಡಿಲಿನ ಸಂಜೆಗಳಲ್ಲಿ ಸ್ವಿಚ್ ಆರಿಸಿದರೆ ಸಾಲದು, ಪ್ಲಗ್ಗನ್ನೇ ಕಿತ್ತಿಡಿ.

ಫ್ಯೂಸ್ ಹಾರಿದರೆ ಅಷ್ಟೇ ಅಳತೆಯ, ಅದೇ ಬಗೆಯ ಫ್ಯೂಸನ್ನೇ ಹಾಕಿ. ಮತ್ತೆ ಹಾರಿದರೆ ಒಳಗೆ ದೋಷವಿದೆ ಎಂದರ್ಥ, ದಪ್ಪ ಫ್ಯೂಸ್ ಹಾಕಿ ಅದನ್ನು ಮುಚ್ಚಬಾರದು. ಟ್ಯೂಬ್ ಬದಲಿಸುವುದನ್ನು ಬಿಟ್ಟು ಷಾಸಿ ಬಿಚ್ಚುವ ಯಾವ ಕೆಲಸಕ್ಕೂ ಕೈ ಹಾಕಬೇಡಿ. ಐದು ವಾಟಿನ ಆಂಪಿನ ಫಿಲ್ಟರ್ ಕೆಪಾಸಿಟರ್‌ಗಳಲ್ಲಿಯೂ ಮುನ್ನೂರು ವೋಲ್ಟ್ ಆಸುಪಾಸಿನ ವಿದ್ಯುತ್ತು, ಪ್ಲಗ್ ಕಿತ್ತ ಎಷ್ಟೋ ಹೊತ್ತಿನ ನಂತರವೂ ಉಳಿದಿರಬಹುದು, ಅದು ಜೀವ ತೆಗೆಯಬಲ್ಲದು. ಟೆಕ್ನಿಷಿಯನ್ನರನ್ನು ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆಯೂ ಅದೇ, ಆ ಕೆಪಾಸಿಟರ್‌ಗಳನ್ನು ಹೇಗೆ ಖಾಲಿ ಮಾಡುತ್ತೀರಿ ಎಂಬುದು. ಹಿಂದೆ ವಾಲ್ವ್ ರೇಡಿಯೊ ರಿಪೇರಿ ಮಾಡುತ್ತಿದ್ದ ಹಿರಿಯರು ಊರಲ್ಲಿದ್ದರೆ ಅವರನ್ನು ಹುಡುಕಿ. ಗಿಟಾರ್ ಗೊತ್ತಿಲ್ಲದಿದ್ದರೂ ಈ ಸರ್ಕ್ಯೂಟ್ ಅವರಿಗೆ ಚೆನ್ನಾಗಿ ಗೊತ್ತಿರುತ್ತದೆ. ಹದಿನೈದು ಇಪ್ಪತ್ತು ವರ್ಷ ಕಳೆದ ಆಂಪಿನಲ್ಲಿ, ಅದನ್ನು ಬಳಸದೆ ಇಟ್ಟಿದ್ದರೂ, ಆ ಕೆಪಾಸಿಟರ್‌ಗಳು ಒಣಗಿರುವ ಸಾಧ್ಯತೆ ಹೆಚ್ಚು. ಸೆಕೆಂಡ್ ಹ್ಯಾಂಡ್ ಆಂಪ್ ಕೊಳ್ಳುವವರು ಬೆಲೆ ಮಾತಾಡುವಾಗಲೇ ಅವುಗಳನ್ನು ಬದಲಿಸುವ ಖರ್ಚನ್ನೂ ಸೇರಿಸಿ ಲೆಕ್ಕ ಹಾಕಬೇಕು.